ಅಳತೆಯಪ್ಪನ ನಲವತ್ತು ಚೌಕ

ಮರ್ಯಾದೆ ಕಳೆದುಕೊಳ್ಳಲು ಮನುಷ್ಯ ಕದಿಯಬೇಕು, ಕುಡಿಯಬೇಕು ಎಂದೇನೂ ಇಲ್ಲ. ತಲೆಯನ್ನು ಒಂದು ಸಲ ಮೇಲೆ ಕೆಳಗೆ ಆಡಿಸಿದರೂ ಸಾಕು. ಅಳತೆಯಪ್ಪ ಹಾಗೆ ಆಡಿಸಿದ್ದು ಸರ್ವೇ ಕಚೇರಿಯಲ್ಲಿ, ಹಾಡಹಗಲು, ಸಾಹೇಬರ ಮೇಜಿನ ಮುಂದೆ.

ಅಳತೆಯಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಜಮೀನು ಅಳೆಯುವುದು ಅವನ ಕೆಲಸ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುವುದು ಅವನ ಚಟ. ಜೇಬಿನಲ್ಲಿ ಟೇಪು ಇಲ್ಲದೆ ಮನೆಯಿಂದ ಹೊರಬಿದ್ದವನಲ್ಲ. ಗೋಡೆಯ ಕ್ಯಾಲೆಂಡರು ಚೂರು ವಾಲಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಎದುರು ಮನೆಯವರು ಹೊಸ ಗೇಟು ಹಾಕಿಸಿದಾಗ ಕರೆಯದೇ ಹೋಗಿ, ಎಡಗಡೆಯ ಕಂಬ ಬಲಗಡೆಯದಕ್ಕಿಂತ ಎರಡು ಬೆರಳು ಗಿಡ್ಡ ಎಂದು ತಿಳಿಸಿ ಬಂದಿದ್ದ. ಅಂದಿನಿಂದ ಆ ಮನೆಯವರು ಅವನನ್ನು ಕಂಡರೆ ಗಿಡ್ಡ ಕಂಬಕ್ಕೆ ಅಡ್ಡ ನಿಲ್ಲುತ್ತಿದ್ದರು.

ಇಂಥವನು ಒಂದು ದಿನ ಟೇಪು ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ತಾನು ಆಗಷ್ಟೇ ಗುರುತು ಮಾಡಿದ್ದ ಬದುವಿಗೇ ಎಡವಿ ಬಿದ್ದು ಬಲಗೈ ಮುರಿದುಕೊಂಡ. ಪ್ಲಾಸ್ಟರು ಬಿಚ್ಚಿದ ಮೇಲೂ ಬೆರಳುಗಳು ಮಡಚಲು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವಾಕೆ ಹಿಸುಕಲೆಂದು ರಬ್ಬರ್ ಚೆಂಡು ಕೊಟ್ಟಳು. ಅವನು ಅದರ ಸುತ್ತಳತೆ ತೆಗೆದು, ಸರಿಯಾಗಿ ಗುಂಡಗಿಲ್ಲವೆಂದು ವಾಪಸು ಕೊಟ್ಟ. ಆಕೆಗೂ ಸಾಕಾಗಿರಬೇಕು, ತುದಿಯಲ್ಲಿ ಕೊಕ್ಕೆಯಿರುವ ಒಂದು ಕ್ರೋಶಾ ಕಡ್ಡಿ, ಒಂದು ಉಂಡೆ ಉಲ್ಲನ್ನು ಕೈಗಿಟ್ಟು, ದಿನಾ ನಾಲ್ಕು ಸಾಲು ಹೆಣೆಯಿರಿ, ಬೆರಳು ತಾನಾಗಿ ಬಗ್ಗುತ್ತದೆ ಎಂದಳು.

ಬೆರಳು ಬಗ್ಗಿತು. ಅಳತೆಯಪ್ಪನೂ ಬಗ್ಗಿದ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು, ಎಣಿಸುವುದು, ಮೂಲೆ ತಿರುಗಿಸುವುದು. ಇಷ್ಟು ವರ್ಷ ಅವನು ಹುಡುಕುತ್ತಿದ್ದ ನೆಟ್ಟಗಿನ ಗೆರೆ ಹೊಲದಲ್ಲೆಲ್ಲೂ ಸಿಕ್ಕಿರಲಿಲ್ಲ, ಈ ಉಲ್ಲನ್ನಿನಲ್ಲಿ ಸಿಕ್ಕಿತು. ಮೊದಲು ಟೇಪಿಗೊಂದು ಚೀಲ, ಆಮೇಲೆ ಕನ್ನಡಕಕ್ಕೊಂದು ಚೀಲ, ಫೋನಿಗೊಂದು, ಬೀಗದ ಕೈಗೊಂದು. ಮನೆಯಲ್ಲಿ ಚೀಲವಿಲ್ಲದೆ ಬೆತ್ತಲೆ ಉಳಿದದ್ದು ಕುಕ್ಕರು ಮಾತ್ರ.

ಅವನ ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು. ಅವಳು ಮೈದಾನದ ಈ ತುದಿಯಿಂದ 'ಸಾವಧಾನ್' ಎಂದರೆ ಆ ತುದಿಯಲ್ಲಿ ಮೇಯುವ ದನವೂ ತಲೆಯೆತ್ತುತ್ತಿತ್ತು. ಸೂಜಿ ಕಂಡರೆ ಮಾತ್ರ ಅವಳಿಗೆ ಆಗದು. ಅಂಗಿಯ ಗುಂಡಿ ಬಿದ್ದರೆ ಪಿನ್ನು ಚುಚ್ಚುವುದು, ಪಿನ್ನೂ ಬಿದ್ದರೆ ಅಂಗಿಯನ್ನೇ ಬಿಸಾಡುವುದು ಅವಳ ಪದ್ಧತಿ. ಗಂಡನ ಹೊಸ ಹುಚ್ಚಿಗೆ ಅವಳು ಅಡ್ಡಿ ಬರಲಿಲ್ಲ. ಬಾಗಿಲು ಅಳೆಯೋದಕ್ಕಿಂತ ಇದು ವಾಸಿ ಎಂದಷ್ಟೇ ಹೇಳಿದಳು.

ಇನ್ನು ಆ ತಲೆಯಾಡಿಸಿದ ಪ್ರಸಂಗ. ಕಚೇರಿಯಲ್ಲಿ ಕಡತ ಮುಂದಿಡುವಾಗ ಅಳತೆಯಪ್ಪನ ಜೇಬಿನಿಂದ ಕನ್ನಡಕದ ಚೀಲ ಜಾರಿ ಮೇಜಿನ ಮೇಲೆ ಬಿತ್ತು. ಸಾಹೇಬರು ಎತ್ತಿಕೊಂಡರು, ತಿರುಗಿಸಿ ನೋಡಿದರು, ಅಂಚನ್ನು ಉಗುರಿನಿಂದ ಸವರಿದರು.

"ಮನೆಯವರು ಹಾಕಿದ್ದೇನ್ರೀ?"

ಆ ಕ್ಷಣ ಬಾಗಿಲಲ್ಲಿ ಇಬ್ಬರು ಜಮೀನಿನವರು ನಿಂತಿದ್ದರು. ಹಿಂದಿನ ದಿನವಷ್ಟೇ ಅಳತೆಯಪ್ಪ ಅವರ ಬೇಲಿ ಕೀಳಿಸಿ, ಕಾನೂನು ಎಂದರೆ ಏನೆಂದು ಊರು ಕೇಳುವಂತೆ ವಿವರಿಸಿ ಬಂದಿದ್ದ. ಅಂಥವರ ಎದುರಿಗೆ, ಇಲ್ಲ ಸಾರ್, ನಾನೇ ಉಲ್ಲನ್ನು ಹೆಣೆದೆ ಎಂದು ಯಾವ ಬಾಯಲ್ಲಿ ಹೇಳುವುದು? ತಲೆ ತಾನಾಗಿ ಆಡಿತು. ಸಾಹೇಬರು ಚೀಲವನ್ನು ತಮ್ಮ ಕನ್ನಡಕಕ್ಕೆ ಹಾಕಿ ನೋಡಿದರು. ಸರಿಹೋಯಿತು. ಅಲ್ಲಿಗೆ ಅದು ಅವರದ್ದಾಯಿತು.

ಮರುವಾರ ಸಾಹೇಬರಿಗೆ ಮಫ್ಲರು, ಅವರ ಹೆಂಡತಿಗೆ ಭುಜಕ್ಕೆ ಹಾಕುವ ಚೀಲ, ಟಪಾಲು ವಿಭಾಗದ ಹುಡುಗಿಗೆ ತಲೆಪಟ್ಟಿ, ಬೇಡಿಕೆಗಳೆಲ್ಲ 'ನಿಮ್ಮ ಮನೆಯವರಿಗೆ ಹೇಳಿ' ಎಂಬ ಮಾತಿನೊಂದಿಗೆ ಬಂದವು. ಅಳತೆಯಪ್ಪ ಮನೆಯವರಿಗೆ ಹೇಳಲಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹೆಣೆದ. ಕೊಟ್ಟಾಗಲೆಲ್ಲ ಜನ ಅವನ ಹೆಂಡತಿಯ ಕೈಚಳಕವನ್ನು ಹೊಗಳಿದರು, ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದರು. ಅವನು ನಗುತ್ತಿದ್ದ. ಆದರೆ ಒಳಗೆ ನೋಯುತ್ತಿತ್ತು, ನಿಜವಾಗಿಯೇ ನೋಯುತ್ತಿತ್ತು. ಸರ್ವೇಯರಾಗಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದರೂ ಅವನ ಕೆಲಸವನ್ನು ಯಾರೂ ಹೊಗಳಿರಲಿಲ್ಲ. ಅಳೆದ ಮೇಲೆ ಇಬ್ಬರಲ್ಲಿ ಒಬ್ಬ ಬೈಯುವುದು ಖಂಡಿತ, ಎಷ್ಟೋ ಸಲ ಇಬ್ಬರೂ ಬೈಯುತ್ತಿದ್ದರು. ಬದುಕಿನಲ್ಲಿ ಮೊದಲ ಸಲ ಹೊಗಳಿಕೆ ಹುಟ್ಟಿತ್ತು, ಅದೂ ಬೇರೆಯವರ ವಿಳಾಸಕ್ಕೆ ಹೋಗುತ್ತಿತ್ತು.

ವಿಳಾಸದಾರಳಿಗೆ ಅದು ತಲುಪಿದ್ದು ಒಂದು ಭಾನುವಾರ. ಸಾಹೇಬರ ಹೆಂಡತಿ ಮಹಿಳಾ ಸಂಘದ ಅಧ್ಯಕ್ಷೆ. ಅವರು ನಾಲ್ಕು ಜನ ಸದಸ್ಯೆಯರನ್ನು ಕಟ್ಟಿಕೊಂಡು ಡ್ರಿಲ್ ಟೀಚರ ಮನೆಗೇ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ಹೊಸದಾಗಿ ತೆರೆಯುತ್ತದೆ. ಸಂಘದ ನಲವತ್ತು ಸದಸ್ಯೆಯರು ತಲೆಗೊಂದು ಚೌಕ ಹೆಣೆದು, ಎಲ್ಲವನ್ನೂ ಜೋಡಿಸಿ ಒಂದು ಹೊದಿಕೆ ಮಾಡಿ ಅಲ್ಲಿಗೆ ಕೊಡುತ್ತಾರೆ. ಯಾರಿಗೂ ಕಡ್ಡಿ ಹಿಡಿಯಲು ಬರುವುದಿಲ್ಲ, ಆದ್ದರಿಂದ ತಾವು ಕಲಿಸಬೇಕು ಎಂದು ಕೇಳಿಕೊಂಡರು.

ಟೀಚರು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನನಗೆ ಗುಂಡಿ ಹಾಕೋಕೂ ಬರಲ್ಲ."

ಅಧ್ಯಕ್ಷೆ ತಮ್ಮ ಭುಜದ ಚೀಲವನ್ನು ಎತ್ತಿ ತೋರಿಸಿ, ಇಷ್ಟು ವಿದ್ಯೆ ಇಟ್ಟುಕೊಂಡು ಎಂಥ ವಿನಯ ನೋಡಿ ಎಂದು ಜೊತೆಯವರ ಕಡೆ ತಿರುಗಿದರು. ಟೀಚರು ಸ್ವಲ್ಪ ಜೋರಾಗಿ ಹೇಳಿದಳು, ವಿನಯ ಹೆಚ್ಚಾಯಿತು. ಸಿಟ್ಟಿನಲ್ಲಿ ಹೇಳಿದಳು, ಕಲಾವಿದರಿಗೆ ಕೋಪ ಸಹಜ ಎಂದರು. ಹುಟ್ಟಿದಾಗಿನಿಂದ ವಿನಯದ ಆಪಾದನೆ ಹೊರದಿದ್ದ ಹೆಂಗಸು ಅಂದು ಒಂದೇ ಗಂಟೆಯಲ್ಲಿ ಊರಿನ ಅತಿ ವಿನಯವಂತೆಯಾದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನಕ್ಕೆ, ಎತ್ತೇ ಬಂದು ನಾನು ಈದಿಲ್ಲ ಎಂದರೂ ಕೇಳುವುದಿಲ್ಲ.

ಅಳತೆಯಪ್ಪ ತರಕಾರಿ ಚೀಲ ಹಿಡಿದು ಒಳಗೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅವನು, ಬಚ್ಚಲಲ್ಲಿ ತಾನೇನೂ ಮಾಡುತ್ತಿರಲಿಲ್ಲ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಅಷ್ಟಕ್ಕೂ ಕಾಯಲಿಲ್ಲ.

ಅವಳು ಕೂಗಾಡಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ನೋಡಿ, ಚೌಕ ಜೋಡಿಸೋ ದಿನ ಎಲ್ಲರ ಮುಂದೆ ನೀವೇ ಹೇಳ್ಬೇಕು. ಅಲ್ಲಿವರೆಗೂ ನಾನು ಹೇಗೋ ಸಂಭಾಳಿಸ್ತೀನಿ. ನೀವು ಹೇಳಲಿಲ್ಲ ಅಂದ್ರೆ, ಮೈಕ್ ಹಿಡಿದು ನಾನು ಹೇಳ್ತೀನಿ."

"ನಗ್ತಾರೆ ಕಣೇ."

"ನಗಲಿ. ನಾನು ಚಡ್ಡಿ ಹಾಕ್ಕೊಂಡು ಓಡಿದಾಗ ಊರೆಲ್ಲಾ ನಕ್ಕಿತ್ತು. ಸತ್ತೆನಾ?"

ಅವಳು ಸಂಭಾಳಿಸಿದ ರೀತಿಯನ್ನು ಸಂಘದವರು ಬಹಳ ದಿನ ಮರೆಯಲಿಲ್ಲ. ನಲವತ್ತು ಹೆಂಗಸರನ್ನು ಎತ್ತರದ ಪ್ರಕಾರ ಸಾಲಾಗಿ ಕೂರಿಸಿದಳು. ಅಳತೆಯಪ್ಪ ಮನೆಯಲ್ಲಿ ಹೇಳಿಕೊಟ್ಟದ್ದನ್ನು ಅಂಗೈಯಲ್ಲಿ ಬರೆದುಕೊಂಡು ಹೋಗಿ ಸೀಟಿ ಊದಿದಳು. ಒಂದು ಸೀಟಿಗೆ ನೂಲು ಸುತ್ತು, ಎರಡು ಸೀಟಿಗೆ ಎಳೆ, ಉದ್ದ ಸೀಟಿಗೆ ಮೂಲೆ ತಿರುಗು. ತಪ್ಪಿದವರಿಗೆ ಸಂಘದ ಹಾಲಿನ ಸುತ್ತ ಒಂದು ಓಟ. ಸಂಘದಲ್ಲಿ ಮೊದಲ ಸಲ ಎಲ್ಲರೂ ಸಮಯಕ್ಕೆ ಸರಿಯಾಗಿ ಬರತೊಡಗಿದರು, ಇಬ್ಬರಿಗೆ ಮಂಡಿನೋವೂ ಹೋಯಿತು. ಎಲ್ಲರಿಗಿಂತ ಉತ್ಸಾಹ ಪಕ್ಕದ ಮನೆಯ ಅಜ್ಜಿಗೆ. ಎಂಬತ್ತು ದಾಟಿದ ಆಕೆ ಕುರ್ಚಿ ಬಿಟ್ಟು ಏಳದೆ, ಹಳದಿ ಉಲ್ಲನ್ನಿನಲ್ಲಿ ತನ್ನ ಚೌಕ ಮುಗಿಸಿ, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೀದಿಯ ಪ್ರತಿ ಮನೆಗೂ ತೋರಿಸಿ ಬಂದಳು. ಚೌಕಕ್ಕೆ ಮೂರೇ ಮೂಲೆ ಇತ್ತು.

ಮುಗಿದ ಚೌಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಟೀಚರ ಮನೆಯಲ್ಲೇ ಇಟ್ಟರು. ಜೋಡಿಸುವ ದಿನಕ್ಕೆ ಇನ್ನೂ ವಾರವಿತ್ತು. ಆ ವಾರ ಅವಳು ಶಾಲೆಯ ಹುಡುಗಿಯರನ್ನು ಕರೆದುಕೊಂಡು ಕ್ರೀಡಾಕೂಟಕ್ಕೆ ಹೊರಟಳು. ಚೀಲ ಮುಟ್ಟಬೇಡಿ ಎಂದು ಹೇಳಿ ಹೋಗಿದ್ದರೆ ಏನಾಗುತ್ತಿತ್ತೋ, ಅವಳಿಗೆ ಅದು ಹೊಳೆಯಲಿಲ್ಲ.

ಅಳತೆಯಪ್ಪ ಚೀಲ ಬಿಚ್ಚಿದ್ದು ಬರೀ ನೋಡಲು. ನೋಡಿ ಮಂಚದ ಮೇಲೆ ಕುಳಿತುಬಿಟ್ಟ. ಒಂದು ಚೌಕ ಬೆಂಕಿಪೊಟ್ಟಣದಷ್ಟು, ಇನ್ನೊಂದು ಕಾಲೊರೆಸುವ ಮ್ಯಾಟಿನಷ್ಟು. ಒಬ್ಬಳು ನೂಲನ್ನು ಬಿಗಿಯಾಗಿ ಎಳೆದು ಬಟ್ಟಲು ಮಾಡಿದ್ದಳು, ಇನ್ನೊಬ್ಬಳು ಸಡಿಲ ಬಿಟ್ಟು ಮೀನಿನ ಬಲೆ ಮಾಡಿದ್ದಳು. ಐದು ಮೂಲೆಯದು ಎರಡಿದ್ದವು. ಒಂದಕ್ಕೆ ಮೂಲೆಯೇ ಇರಲಿಲ್ಲ. ಜೀವಮಾನವಿಡೀ ಗೆರೆ ನೆಟ್ಟಗಿಲ್ಲವೆಂದು ಜನರ ಬೇಲಿ ಕೀಳಿಸಿದವನ ಮನೆಯಲ್ಲೇ ಇಂಥ ಅಕ್ರಮ.

ಒಂದೇ ಒಂದನ್ನು ಸರಿಮಾಡೋಣ ಎಂದು ಬೆಂಕಿಪೊಟ್ಟಣವನ್ನು ಎತ್ತಿಕೊಂಡ. ಬಿಚ್ಚಿದ, ಅದೇ ನೂಲಿಗೆ ತನ್ನ ಉಂಡೆಯಿಂದ ಸ್ವಲ್ಪ ಸೇರಿಸಿದ, ಹದಿನೈದು ಸೆಂಟಿಮೀಟರಿನ ಅಪ್ಪಟ ಚೌಕ ಹೆಣೆದ. ಅದರ ಪಕ್ಕದಲ್ಲಿ ಉಳಿದವು ಇನ್ನೂ ಅಸಹ್ಯವಾಗಿ ಕಂಡವು. ಕಚೇರಿಗೆ ಜ್ವರ ಎಂದು ಹೇಳಿ ಕಳಿಸಿದ. ಜ್ವರ ವಾರವಿಡೀ ಇಳಿಯಲಿಲ್ಲ. ಕೊನೆಗೆ ಹಳದಿ ಮುಕ್ಕೋನದ ಸರದಿ ಬಂದಾಗ ಅವನಿಗೆ ಅಜ್ಜಿಯ ಮೇಲೆ ಕನಿಕರ ಉಕ್ಕಿತು. ಪಾಪ, ಎಲ್ಲರ ಮುಂದೆ ಆಕೆಗೆ ಅವಮಾನ ಆಗಬಾರದು ಎಂದುಕೊಂಡು, ಅದಕ್ಕೆ ತುಸು ಹೆಚ್ಚೇ ಪ್ರೀತಿಯಿಂದ ನಾಲ್ಕನೇ ಮೂಲೆ ಕೊಟ್ಟ. ನಲವತ್ತನ್ನೂ ಒಂದರ ಮೇಲೊಂದು ಪೇರಿಸಿ ಟೇಪು ಹಿಡಿದು ನೋಡಿದಾಗ ಅವನ ಕಣ್ಣು ತುಂಬಿ ಬಂತು.

ಜೋಡಿಸುವ ದಿನ ಸಂಘದ ಹಾಲಿನಲ್ಲಿ ದುಪ್ಪಟಿ ಹಾಸಿ ಟೀಚರು ಚೀಲ ಸುರಿದಳು. ಸುರಿದವಳು ಹಾಗೇ ನಿಂತಳು. ಅವಳಿಗೆ ಅರ್ಥವಾಗಲು ಎರಡನೇ ಸಲ ನೋಡಬೇಕಾಗಿರಲಿಲ್ಲ. ಉಳಿದವರು ಮಾತ್ರ ಮೊದಲು ಬೆರಗಾದರು, ಆಮೇಲೆ ಖುಷಿಪಟ್ಟರು, ಆಮೇಲೆ ಜಗಳವಾಡಿದರು. ದಿನಸಿ ಅಂಗಡಿಯಾಕೆಯೂ ದರ್ಜಿಯ ಹೆಂಡತಿಯೂ ಒಂದೇ ನೀಲಿಯ ಉಲ್ಲನ್ನು ಕೊಂಡಿದ್ದರು. ಮೊದಲು ಒಬ್ಬಳದು ಬಟ್ಟಲು, ಇನ್ನೊಬ್ಬಳದು ಬಲೆ. ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಸಿಗುತ್ತಿತ್ತು. ಈಗ ಎರಡೂ ಅವಳಿಜವಳಿ. ಒಂದರ ಅಂಚು ಮಾತ್ರ ಚೂರು ಹೊಳಪಾಗಿತ್ತು, ಇಬ್ಬರೂ ಅದು ತನ್ನದೆಂದರು. ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಅಧ್ಯಕ್ಷೆ ಗಂಡನಿಗೆ ಫೋನು ಮಾಡಿ, ಗಡಿ ತಕರಾರು ಎದ್ದಿದೆ, ನಿಮ್ಮ ಸರ್ವೇಯರನ್ನು ಕಳಿಸಿ ಎಂದರು. ಹೆಂಡತಿಯ ಫೋನು ಸಾಹೇಬರಿಗೆ ಸರ್ಕಾರಿ ಆದೇಶಕ್ಕಿಂತ ಒಂದು ಮೆಟ್ಟಿಲು ಮೇಲು. ಅವರೇ ಅಳತೆಯಪ್ಪನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು.

ಹೀಗೆ, ತಾನೇ ಹೆಣೆದ ಚೌಕಗಳನ್ನು ತಾನೇ ಅಧಿಕೃತವಾಗಿ ಅಳೆಯುವ ಭಾಗ್ಯ ಅಳತೆಯಪ್ಪನಿಗೆ ಒದಗಿತು. ಹೆಂಡತಿ ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ಅವನು ಅತ್ತ ನೋಡದೆ ಮಂಡಿಯೂರಿ ಒಂದೊಂದಕ್ಕೂ ಟೇಪು ಹಿಡಿದು, ತಗ್ಗಿದ ದನಿಯಲ್ಲಿ ಹದಿನೈದು, ಹದಿನೈದು, ಹದಿನೈದು ಎಂದು ಹೇಳುತ್ತ ಹೋದ. ಸಾಹೇಬರಿಗೆ ರೋಮಾಂಚನವಾಯಿತು. ಇಲಾಖೆ ಹುಟ್ಟಿದಾಗಿನಿಂದ ಇಷ್ಟು ನಿಖರವಾದ ವಿಂಗಡಣೆ ತಾವು ಕಂಡಿಲ್ಲವೆಂದರು. ನಲವತ್ತು ಕೈ, ಒಂದೇ ಅಳತೆ, ಎಲ್ಲ ಟೀಚರ ತರಬೇತಿ ಎಂದು ಅಧ್ಯಕ್ಷೆ ಚಪ್ಪಾಳೆ ಶುರುಮಾಡಿದರು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಕುರ್ಚಿಯಲ್ಲಿ ಕುಳಿತ ಅಜ್ಜಿ ಕೇಳಿದಳು.

"ನಂದೆಲ್ಲಿ?"

ಯಾರೋ ಹಳದಿ ಚೌಕವನ್ನು ಅವಳ ಮಡಿಲಿಗಿಟ್ಟರು. ಅಜ್ಜಿ ಕಣ್ಣು ಸಾಲದೆ ಬೆರಳಿನಿಂದ ಅದರ ಅಂಚನ್ನು ಸುತ್ತ ಸವರಿದಳು. ಒಂದು ಮೂಲೆ, ಎರಡು, ಮೂರು. ನಾಲ್ಕನೆಯದಕ್ಕೆ ಬೆರಳು ನಿಂತಿತು.

"ನೂಲು ನಂದೇ. ಕೈ ನಂದಲ್ಲ." ಮತ್ತೊಮ್ಮೆ ಸವರಿದಳು. "ನಂದಕ್ಕೆ ಮೂರೇ ಮೂಲೆ ಇತ್ತು. ನಾಲ್ಕನೇದು ಯಾರಪ್ಪ ಕೊಟ್ಟೋರು? ನಾನು ಕೇಳಿದ್ನಾ?"

ಹಾಲಿನಲ್ಲಿ ಗುಸುಗುಸು ಎದ್ದಿತು. ತನ್ನದರ ನಡುವೆ ಒಂದು ತೂತಿತ್ತು ಎಂದು ಒಬ್ಬಳು ನೆನಪಿಸಿಕೊಂಡಳು. ದಿನಸಿ ಅಂಗಡಿಯಾಕೆ ನೀಲಿ ಚೌಕವನ್ನು ಮೆಲ್ಲಗೆ ದರ್ಜಿಯ ಹೆಂಡತಿಯ ಕಡೆ ತಳ್ಳಿದಳು. ಅವಳು ಅದನ್ನು ಮುಟ್ಟಲಿಲ್ಲ. ದುಪ್ಪಟಿಯ ಮೇಲಿಂದ ಕೈಗಳು ಒಂದೊಂದಾಗಿ ಹಿಂದೆ ಸರಿದವು. ಯಾರಿಗೂ ಬೇಡವಾದ ನಲವತ್ತು ಸುಂದರ ಚೌಕಗಳು ನಡುವೆ ಬಿದ್ದಿದ್ದವು.

ಅಳತೆಯಪ್ಪ ಮಂಡಿಯೂರಿದಲ್ಲೇ ಟೇಪು ಸುತ್ತಿ ಕೆಳಗಿಟ್ಟ. ತನ್ನ ಕೈಕೆಲಸ ಇನ್ನೊಬ್ಬರ ಹೆಸರಿಗೆ ಹೋಯಿತೆಂದು ಇಷ್ಟು ದಿನ ಸಂಕಟಪಟ್ಟವನು, ನಲವತ್ತು ಜನರ ಕೈಕೆಲಸವನ್ನು ವಾರವೊಂದರಲ್ಲಿ ಅಳಿಸಿಹಾಕಿದ್ದ. ಕಂಡವರ ಗಡಿಕಲ್ಲು ಕಿತ್ತವರ ಮೇಲೆ ಎಷ್ಟು ವರದಿ ಬರೆದಿದ್ದನೋ, ಅವನಿಗೇ ಲೆಕ್ಕವಿಲ್ಲ. ಅವರಾರೂ ಒಂದೇ ಸಲಕ್ಕೆ ಇಷ್ಟು ಕಿತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಮತ್ತು ಆ ನಾಚಿಕೆ ನಗುವವರ ಹೆದರಿಕೆಗಿಂತ ದೊಡ್ಡದಿತ್ತು.

"ಅಜ್ಜೀ, ನಿಮ್ಮದನ್ನ ಬಿಚ್ಚಿದ್ದು ನಾನು," ಎಂದ. "ಎಲ್ಲರದ್ದೂ ನಾನೇ. ಈ ನಲವತ್ತೂ ನಾನೇ ಹೆಣೆದದ್ದು."

ಸಾಹೇಬರು ಮೊದಲು ನಕ್ಕರು, ಆಮೇಲೆ ಕರಗಿದರು. ಹೆಂಡತಿಯ ಮೇಲೆ ಮಾತು ಬರಬಾರದೆಂದು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುವ ಗಂಡಸರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಹೆಂಗಸರಿಗೆ ವಿವರಿಸಿದರು. ಹೆಂಗಸರ ಕಣ್ಣೂ ಒದ್ದೆಯಾಯಿತು. ಟೀಚರು ಗೋಡೆ ಬಿಟ್ಟು ಮುಂದೆ ಬಂದು, ತನಗೆ ಗುಂಡಿ ಹಾಕಲೂ ಬರುವುದಿಲ್ಲವೆಂದು ಹೇಳಿದಳು. ಅಧ್ಯಕ್ಷೆ ಅವಳ ಕೈ ಹಿಡಿದು, ಈ ಹೊತ್ತಿನಲ್ಲೂ ವಿನಯವೇ ಎಂದರು.

ಬೇರೆ ದಾರಿ ಇರಲಿಲ್ಲ. ಅಳತೆಯಪ್ಪ ಅಲ್ಲಿದ್ದ ಒಂದು ಕಡ್ಡಿ ಎತ್ತಿಕೊಂಡು ದುಪ್ಪಟಿಯ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು ಹೆಣೆಯತೊಡಗಿದ. ಮುರಿದು ಕೂಡಿದ್ದ ಆ ಒರಟು ಕೈಯಲ್ಲಿ ಕಡ್ಡಿ ಮಿಂಚಿ ಮಿಂಚಿ ಓಡಿತು. ಒಂದು ಸುತ್ತು ಮುಗಿಯುವ ಹೊತ್ತಿಗೆ ಹೆಂಗಸರೆಲ್ಲ ಸುತ್ತ ಬಂದು ನಿಂತಿದ್ದರು. ಸಾಹೇಬರು ಜೇಬಿನಿಂದ ಕನ್ನಡಕದ ಚೀಲ ತೆಗೆದು, ಕಳ್ಳಮಾಲು ಹಿಡಿದಂತೆ ಎರಡು ಬೆರಳಿನಲ್ಲಿ ಹಿಡಿದರು.

"ಹಾಗಾದ್ರೆ ಇದು?"

"ನಂದು ಸಾರ್."

"ನನ್ನ ಮಫ್ಲರು?"

"ನಂದು ಸಾರ್."

"ಇವಳ ಭುಜದ ಚೀಲ?"

"ಅದೂ ನಂದೇ ಸಾರ್. ಒಳಗಿನ ಜೇಬೂ ನಂದೇ."

ಇಷ್ಟು ದಿನ ಹಂಬಲಿಸಿದ ಮಾತು ಕೊನೆಗೂ ಬಾಯಿಂದ ಬಂತು, ಆದರೆ ತನಿಖೆಯಲ್ಲಿ ತಪ್ಪೊಪ್ಪಿಕೊಂಡ ಹಾಗೆ ಬಂತು. ಚಪ್ಪಾಳೆ ಯಾರೂ ತಟ್ಟಲಿಲ್ಲ. ನಲವತ್ತು ಹೆಂಗಸರು ಅವನನ್ನೇ ನೋಡುತ್ತಿದ್ದರು, ಅವರ ಕೈಯಲ್ಲಿ ತಲೆಗೊಂದು ಕಡ್ಡಿ ಇತ್ತು.

ತೀರ್ಪು ಅಲ್ಲೇ ಆಯಿತು. ಹೊಸ ಚೌಕಗಳನ್ನೆಲ್ಲ ಬಿಚ್ಚಬೇಕು, ಪ್ರತಿಯೊಬ್ಬರೂ ತಮ್ಮದನ್ನು ಮತ್ತೆ ತಾವೇ ಹೆಣೆಯಬೇಕು. ಅಳತೆಯಪ್ಪ ಎಲ್ಲರ ನಡುವೆ ಕುಳಿತು ಬಾಯಲ್ಲಿ ಮಾತ್ರ ಹೇಳಿಕೊಡಬೇಕು, ಒಬ್ಬರ ಚೌಕವನ್ನೂ ಮುಟ್ಟಕೂಡದು. ಟೇಪನ್ನು ಅಜ್ಜಿಯ ವಶಕ್ಕೆ ಒಪ್ಪಿಸಬೇಕು. ಕೊನೆಯಲ್ಲಿ ಜೋಡಿಸುವ ಕೆಲಸ ಅವನದೇ, ಆದರೆ ಎಲ್ಲರಿಗಿರುವಂತೆ ಅವನಿಗೂ ಒಂದೇ ಒಂದು ಚೌಕ. ನಲವತ್ತೊಂದನೆಯದು.

ಆ ದಿನಗಳಲ್ಲಿ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಕಣ್ಣೆದುರು ಬಟ್ಟಲುಗಳೂ ಬಲೆಗಳೂ ಮತ್ತೆ ಹುಟ್ಟಿಕೊಳ್ಳುತ್ತಿದ್ದವು. ಅವನು ತನ್ನ ಕೈಗಳ ಮೇಲೆ ತಾನೇ ಕುಳಿತು, ಮೂಲೆಯಲ್ಲಿ ಒಂದು ಕುಣಿಕೆ ಜಾಸ್ತಿ ಹಾಕಿ ತಾಯಿ ಎಂದು ಬೇಡಿಕೊಳ್ಳುತ್ತಿದ್ದ. ಕೆಲವರು ಹಾಕಿದರು, ಕೆಲವರು ಹಾಕಲಿಲ್ಲ. ಜೋಡಿಸಲು ಕುಳಿತಾಗ ಚಿಕ್ಕವಕ್ಕೆ ಸುತ್ತ ಒಂದೆರಡು ಸಾಲು ಅಂಚು ಕಟ್ಟಿದ, ದೊಡ್ಡವನ್ನು ಅಂಚಿನಲ್ಲಿ ನೆರಿಗೆ ಹಿಡಿದ, ಒಳಗಿನ ಕೈಕೆಲಸ ಅವರವರದೇ ಉಳಿಯಿತು. ಕಷ್ಟ ಬಂದದ್ದು ಅಜ್ಜಿಯದಕ್ಕೆ. ಆಕೆ ಮತ್ತೆ ಹೆಣೆದರೂ ಮೂರೇ ಮೂಲೆ ಬಂದಿತ್ತು. ಅದರ ಪಕ್ಕದಲ್ಲಿ ಯಾವುದನ್ನಿಟ್ಟರೂ ಕೂರಲಿಲ್ಲ. ಅಳತೆಯಪ್ಪ ಅದನ್ನು ಎಲ್ಲ ಕಡೆಗೂ ತಿರುಗಿಸಿಟ್ಟು ನೋಡಿದ. ಕೊನೆಗೆ ತನ್ನ ಹದಿನೈದು ಸೆಂಟಿಮೀಟರಿನ ಅಪ್ಪಟ ಚೌಕವನ್ನು ಬಿಚ್ಚಿ, ಒಂದು ಕಡೆ ಎಳೆದು ಇನ್ನೊಂದು ಕಡೆ ತಗ್ಗಿಸಿ, ಅಜ್ಜಿಯ ಮುಕ್ಕೋನಕ್ಕೆ ಒಗ್ಗುವಂತೆ ಸೊಟ್ಟಗೆ ಹೆಣೆದ. ಹೆಂಡತಿ ಪಕ್ಕದಲ್ಲಿ ಕುಳಿತು ನೂಲಿನ ಉಂಡೆ ಹಿಡಿದುಕೊಂಡಿದ್ದಳು. ಎಳೆ ಬಿಗಿಯಾಗದ ಹಾಗೆ ಬಿಡುತ್ತ ಹೋದಳು.

ವಾರ್ಡು ತೆರೆಯುವ ದಿನ ಹೊದಿಕೆಯನ್ನು ವೇದಿಕೆಯ ಮೇಲೆ ಹರಡಿ ತೂಗುಹಾಕಿದ್ದರು. ಅಂಚು ಅಲೆಅಲೆಯಾಗಿತ್ತು. ಹೆಂಗಸರು ದೂರದಿಂದಲೇ ಬೆರಳು ಮಾಡಿ ತಮ್ಮ ತಮ್ಮದನ್ನು ಮಕ್ಕಳಿಗೆ ತೋರಿಸುತ್ತಿದ್ದರು, ಯಾರಿಗೂ ಗುರುತು ತಪ್ಪಲಿಲ್ಲ. ಮುಖ್ಯ ಅತಿಥಿಗಳು ಭಾಷಣ ಮುಗಿಸಿ, ಇದನ್ನು ಹೆಣೆದ ತಾಯಂದಿರೆಲ್ಲ ದಯವಿಟ್ಟು ಎದ್ದು ನಿಲ್ಲಬೇಕು, ಅವರಿಗೊಂದು ಚಪ್ಪಾಳೆ ಎಂದರು. ಸಂಘದ ಸಾಲು ಸೀರೆ ಸರಿಮಾಡಿಕೊಂಡು ಎದ್ದಿತು. ಅಜ್ಜಿಯನ್ನು ಇಬ್ಬರು ಹಿಡಿದು ಎಬ್ಬಿಸಿದರು. ಹಿಂದೆ, ಸರ್ವೇ ಕಚೇರಿಯವರ ಸಾಲಿನಲ್ಲಿ, ಅಳತೆಯಪ್ಪನೂ ಎದ್ದ.

ಸಾಹೇಬರು ಅವನ ಅಂಗಿ ಜಗ್ಗಿದರು. "ಹೆಂಗಸರಿಗೆ ಹೇಳಿದ್ದು ಕಣ್ರೀ. ಕೂತ್ಕೊಳ್ಳಿ, ಎಲ್ಲಾ ನೋಡ್ತಿದ್ದಾರೆ."

"ಗೊತ್ತು ಸಾರ್," ಎಂದ ಅಳತೆಯಪ್ಪ, ಕೂರದೆ. "ಅಜ್ಜಿ ಪಕ್ಕದ್ದು ಆ ಸೊಟ್ಟ ಚೌಕ ಇದೆಯಲ್ಲ, ಅದು ನಂದು."